ಹದಿನಾರು ಜನರ ಹಡಗು

ಗಲಾಪಗೋಸ್ ದ್ವೀಪಗಳನ್ನು ಸುತ್ತುವ ಹಡಗುಗಳ ಪಟ್ಟಿ ಹಿಡಿದು ಕೂತರೆ ಒಂದು ಸಂಖ್ಯೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. 16 ಜನರ ಮೋಟಾರು ಹಡಗು, 16 ಜನರ ಕ್ಯಾಟಮರಾನ್, 16 ಜನರ ಹಾಯಿಹಡಗು. ಹೆಸರು ಬೇರೆ, ಬಣ್ಣ ಬೇರೆ, ದರದಲ್ಲಂತೂ ಅಜಗಜಾಂತರ. ಹಾಸಿಗೆಗಳ ಲೆಕ್ಕ ಮಾತ್ರ ಒಂದೇ. ಈ ಲೆಕ್ಕ ಹಾಕಿದವರು ಅಲ್ಲಿನ ರಾಷ್ಟ್ರೀಯ ಉದ್ಯಾನದವರು. ಊರುಗಳ ಆಸುಪಾಸಿನ ಕೆಲವು ಜಾಗ ಬಿಟ್ಟರೆ, ಪರವಾನಗಿ ಇರುವ ಗೈಡ್ ಜೊತೆಗಿಲ್ಲದೆ ಆ ದ್ವೀಪಗಳಲ್ಲಿ ಯಾರೂ ಕಾಲಿಡುವಂತಿಲ್ಲ. ಒಬ್ಬ ಗೈಡ್ 16ಕ್ಕಿಂತ ಹೆಚ್ಚು ಜನರನ್ನು ಕರೆದುಕೊಂಡು ಹೋಗುವಂತಿಲ್ಲ. ಹದಿನೇಳನೆಯ ಪ್ರಯಾಣಿಕ ಹತ್ತಿದರೆ ಇನ್ನೊಬ್ಬ ಗೈಡಿಗೆ ಸಂಬಳ ಕೊಡಬೇಕು, ಮಲಗಲು ಜಾಗ ಮಾಡಬೇಕು. ಲಾಭನಷ್ಟ ತೂಗಿ ನೋಡಿದ ಮಾಲೀಕರು ಹದಿನಾರಕ್ಕೇ ನಿಲ್ಲಿಸಿದರು. ಅದಕ್ಕಿಂತ ದೊಡ್ಡವೂ ಇವೆ, ಮೂವತ್ತು ನಲವತ್ತು ಜನರವು, ನೂರು ಜನರವು. ನೂರು ದಾಟುವಂತಿಲ್ಲ. ಕೆರಿಬಿಯನ್ ಸಮುದ್ರದಲ್ಲಿ ಐದಾರು ಸಾವಿರ ಜನರನ್ನು ಹೊತ್ತು ತಿರುಗುವ ಭಾರೀ ಹಡಗುಗಳಿಗೆ ಇಲ್ಲಿ ಪ್ರವೇಶವೇ ಇಲ್ಲ.

ನನ್ನ ಓಟು ನೂರು ಜನರ ಹಡಗಿಗಿತ್ತು. ಅಕ್ಕನಿಗೆ ವಯಸ್ಸಾಗಿದೆ, ಮಂಡಿ ಅಷ್ಟಕ್ಕಷ್ಟೆ. ದೊಡ್ಡ ಹಡಗಿನಲ್ಲಿ ವೈದ್ಯರಿರುತ್ತಾರೆ, ಚಿಕ್ಕವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

‘ಅದರಲ್ಲಿ ಡಾಕ್ಟರ್ ಇರ್ತಾರೆ ಅಕ್ಕ. ಅಲೆಗೆ ಅಷ್ಟು ಅಲ್ಲಾಡೋದೂ ಇಲ್ಲ’ ಅಂದೆ.

‘ಡಾಕ್ಟರನ್ನ ನೋಡೋಕೆ ಅಷ್ಟು ದೂರ ಯಾಕೋ ಹೋಗ್ಬೇಕು? ಶಿವಮೊಗ್ಗದಲ್ಲೇ ಬೇಕಾದಷ್ಟು ಜನ ಇದ್ದಾರೆ’ ಅಂದಳು.

ಅಕ್ಕ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಫಿಂಚ್ ಹಕ್ಕಿಗಳ ಕೊಕ್ಕು ಬರೆದು, ಒಂದು ದಪ್ಪ, ಒಂದು ಚೂಪು ಎಂದು ತೋರಿಸಿ, ಒರೆಸಿ, ಮುಂದಿನ ವರ್ಷ ಮತ್ತೆ ಬರೆದವಳು. ಹಡಗು ಆರಿಸುವ ಕೆಲಸವನ್ನು ಅವಳು ಉತ್ತರ ಪತ್ರಿಕೆ ತಿದ್ದುವ ಶಿಸ್ತಿನಲ್ಲೇ ಕೈಗೆತ್ತಿಕೊಂಡಳು. ಕ್ವಿಟೋದ ಏಜೆಂಟ್ ಮೊದಲು ಕಳಿಸಿದ್ದು ಮೇಲ್ಡೆಕ್ಕಿನ ಬಿಸಿನೀರಿನ ತೊಟ್ಟಿ, ಹಾಸಿಗೆಯ ಮೇಲೆ ಹಂಸದ ಆಕಾರಕ್ಕೆ ಮಡಚಿಟ್ಟ ಟವೆಲ್ ಮುಂತಾದ ಚಿತ್ರಗಳು. ಅಕ್ಕ ತಿರುಗಿ ಒಂದೇ ಪ್ರಶ್ನೆ ಬರೆದಳು: ದಿನಕ್ಕೆ ಎಷ್ಟು ಗಂಟೆ ನಮ್ಮ ಕಾಲು ನೆಲದ ಮೇಲಿರುತ್ತದೆ? ಅವನು ಇನ್ನೊಂದಿಷ್ಟು ಚಿತ್ರ ಕಳಿಸಿದ. ಅವಳು ಅದೇ ಪ್ರಶ್ನೆಯನ್ನು ಮತ್ತೆ ಬರೆದಳು.

ಆ ಪ್ರಶ್ನೆಯಲ್ಲಿ ಹುರುಳಿತ್ತು. ಜನ ಇಳಿಯುವ ತಾಣಗಳು ತೆರೆದಿರುವುದು ಬೆಳಗಿನ ಆರರಿಂದ ಸಂಜೆ ಆರರವರೆಗೆ. ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ದಡಕ್ಕೆ ಪಂಗಾ. ಅಂದರೆ ಔಟ್‌ಬೋರ್ಡ್ ಮೋಟರಿನ ಪುಟ್ಟ ದೋಣಿ. ಹದಿನಾರು ಜನವಾದರೆ ಎರಡು ಪಂಗಾಗಳಲ್ಲಿ ಒಂದೇ ಸಲಕ್ಕೆ ಎಲ್ಲರೂ ಹೊರಟರಾಯಿತು. ತೊಂಬತ್ತು ಜನವಾದರೆ ಆರು ಗುಂಪು, ಆರು ಗೈಡ್, ಸರತಿ. ಕಾಲುದಾರಿಯೂ ಒಂದೇ, ಗುಂಪು ಗುಂಪಿನ ನಡುವೆ ಅಂತರ ಬಿಡಬೇಕು. ಮೊದಲ ಗುಂಪಿಗೆ ಸಿಕ್ಕಿದ ತಂಪು ಹೊತ್ತು ಕೊನೆಯ ಗುಂಪಿಗೆ ಸಿಗುವುದಿಲ್ಲ. ಹಡಗು ಚಿಕ್ಕದಾದಷ್ಟೂ ದಡದ ಮೇಲಿನ ಹೊತ್ತು ಹೆಚ್ಚು. ಸಣ್ಣ ಹಡಗಿಗೆ ಕೊಡುವ ದುಡ್ಡು ಇದಕ್ಕೆ. ಉಳಿದದ್ದನ್ನೆಲ್ಲ ಹೋಟೆಲಿನಲ್ಲೂ ಪಡೆಯಬಹುದು, ಅಲ್ಲಾಡದ ಮಂಚ ಬೇರೆ.

ದುಡ್ಡಿನ ಮಾತು ಬಂದಿದ್ದರಿಂದ ಹೇಳುತ್ತೇನೆ, ಇದು ಅಗ್ಗದ ಪ್ರಯಾಣವಲ್ಲ. ಉದ್ಯಾನದ ಪ್ರವೇಶ ಶುಲ್ಕವೇ ನಮ್ಮಂಥವರಿಗೆ ತಲೆಗೆ 200 ಡಾಲರ್. 2024ರ ಆಗಸ್ಟ್‌ಗೆ ಮುಂಚೆ 100 ಇತ್ತು. ಪುಯೆರ್ತೊ ಆಯೋರಾ ಊರಿನ ಬೀದಿಯಲ್ಲಿ ಕೊನೆ ಗಳಿಗೆಯ ರಿಯಾಯಿತಿಗೆ ಕಾಯುವ ಹುಡುಗರಿದ್ದಾರೆ. ಬೆನ್ನಿಗೊಂದು ಚೀಲ, ಕೈಯಲ್ಲಿ ಬೇಕಾದಷ್ಟು ದಿನ ಇದ್ದವರಿಗೆ ಅದು ಸರಿ. ಏನು ನೋಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡವರಿಗೆ ಅದು ಒಗ್ಗದು.

ಯಾಕೆಂದರೆ ನಿಜವಾದ ಆಯ್ಕೆ ಹಡಗಿನದಲ್ಲ, ದಾರಿಯದು. ಒಂದು ಹಡಗು 14 ದಿನಗಳೊಳಗೆ ಒಂದೇ ತಾಣದಲ್ಲಿ ಎರಡನೆಯ ಸಲ ಜನರನ್ನು ಇಳಿಸುವಂತಿಲ್ಲ ಎಂಬ ನಿಯಮ 2012ರಿಂದ ಜಾರಿಯಲ್ಲಿದೆ. ಕೆಲವು ಜಾಗಗಳಿಗಷ್ಟೇ ವಿನಾಯಿತಿ. ಹಾಗಾಗಿ ಪ್ರತಿ ಹಡಗೂ ಹದಿನೈದು ದಿನದ ದೊಡ್ಡ ಸುತ್ತು ಹಾಕಿಕೊಂಡು, ಅದನ್ನೇ ನಾಲ್ಕು, ಐದು, ಎಂಟು ದಿನಗಳ ತುಂಡು ಮಾಡಿ ಮಾರುತ್ತದೆ. ಪಶ್ಚಿಮದ ತುಂಡು ಕೊಂಡವರಿಗೆ ಪೂರ್ವ ಸಿಗುವುದಿಲ್ಲ. ದಿನದ ಲೆಕ್ಕದಲ್ಲೂ ಒಂದು ಚಾಲಾಕಿತನವಿದೆ. ನಾಲ್ಕು ದಿನದ ಪ್ಯಾಕೇಜಿನಲ್ಲಿ ಮೊದಲ ದಿನ ಮಧ್ಯಾಹ್ನ ವಿಮಾನ ಇಳಿದು ಹಡಗು ಹತ್ತುತ್ತೀರಿ, ಕೊನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ವಿಮಾನಕ್ಕೆ ಓಡುತ್ತೀರಿ. ಪೂರ್ತಿ ದಿನ ಎನ್ನುವಂಥವು ಎರಡೇ. ತುಂಡುಗಳನ್ನು ಜೋಡಿಸಿಕೊಂಡರೆ ನಡುವೆ ಇನ್ನೊಂದು ಬೆಳಗು ವಿಮಾನ ನಿಲ್ದಾಣದ ದಡಕ್ಕೆ ಹೋಗಿ ಹೊಸಬರಿಗೆ ಕಾಯುವುದರಲ್ಲಿ ಕಳೆಯುತ್ತದೆ.

ಪೂರ್ವದಲ್ಲಿ ಎಸ್ಪನ್ಯೋಲಾ ದ್ವೀಪವಿದೆ, ಅಲ್ಲಿ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಆಲ್ಬಟ್ರಾಸ್ ಹಕ್ಕಿಗಳು. ನನಗೆ ಅದರ ಮೇಲೆ ಆಸೆ. ಎರಡೂವರೆ ಗಜದ ರೆಕ್ಕೆಯ ಹಕ್ಕಿ ಬಂಡೆಯಂಚಿನಿಂದ ಗಾಳಿಗೆ ಜಿಗಿಯುವುದನ್ನು ಯಾರು ತಾನೇ ಬಿಟ್ಟಾರು? ಅಕ್ಕ ಬಿಟ್ಟಳು. ಅವಳಿಗೆ ಪಶ್ಚಿಮ ಬೇಕಾಗಿತ್ತು, ಹಾರಲಾರದ ನೀರುಕಾಗೆ ಬೇಕಾಗಿತ್ತು. ಅದಿರುವುದು ಫರ್ನಾಂಡಿನಾ ದ್ವೀಪದಲ್ಲಿ ಮತ್ತು ಅದಕ್ಕೆದುರಾಗಿರುವ ಇಸಾಬೆಲಾದ ಕರಾವಳಿಯಲ್ಲಿ ಮಾತ್ರ. ಊರಿನಲ್ಲಿ ಉಳಿದು ದಿನಕ್ಕೊಂದು ದೋಣಿ ಹಿಡಿದು ಹೋಗಿಬರುವವರ ಕೈಗೆ ಫರ್ನಾಂಡಿನಾ ಎಟುಕುವುದಿಲ್ಲ. ರಾತ್ರಿಯೆಲ್ಲ ಚಲಿಸುವ ಹಡಗೇ ಬೇಕು.

ಕ್ವಿಟೋ ವಿಮಾನ ನಿಲ್ದಾಣದಲ್ಲಿ ದ್ವೀಪಕ್ಕೆ ಹೋಗುವವರ ಚೀಲಗಳನ್ನು ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಹಣ್ಣು, ಬೀಜ, ಮಣ್ಣು ಯಾವುದೂ ಹೋಗುವಂತಿಲ್ಲ. ಅತ್ತಿಗೆ ಕಟ್ಟಿಕೊಟ್ಟಿದ್ದ ಒಗ್ಗರಣೆ ಸಾಮಾನಿನ ಪೊಟ್ಟಣ ಅಲ್ಲೇ ಉಳಿಯಿತು. ಸಾಸಿವೆ, ಮೆಂತ್ಯ ಎರಡೂ ಮೊಳೆಯುವ ಬೀಜಗಳೇ ತಾನೆ. ಉಪ್ಪಿನಕಾಯಿಯ ಸೀಲು ಒಡೆಯದ ಬಾಟಲಿಯನ್ನು ಬಿಟ್ಟರು. ವಿಮಾನದೊಳಗೆ ಪರಿಚಾರಕಿ ತಲೆಯ ಮೇಲಿನ ಕಪಾಟುಗಳನ್ನು ತೆರೆದು ಕೀಟನಾಶಕ ಸಿಂಪಡಿಸುತ್ತ ಹೋದಳು. ಸಹಪ್ರಯಾಣಿಕರು ಮೂಗು ಮುಚ್ಚಿಕೊಂಡರು, ಅಕ್ಕ ತಲೆದೂಗಿದಳು. ಅಲ್ಲಿನ ಎತ್ತರದ ಪ್ರದೇಶಗಳನ್ನು ಹಾಳುಮಾಡುತ್ತಿರುವ ಪರದೇಶಿ ಗಿಡಗಳಲ್ಲಿ ನಮ್ಮ ಹಿತ್ತಿಲಿನ ಸೀಬೆಯೂ ಒಂದು. ಲಂಟಾನವೂ ಇದೆ. ಬಂಡೀಪುರದ ಕಾಡನ್ನು ಅದು ಏನು ಮಾಡಿದೆ ಎಂದು ಕಂಡವರಿಗೆ ಒಂದು ಹಿಡಿ ಬೀಜದ ತಂಟೆಯನ್ನು ವಿವರಿಸಬೇಕಾಗಿಲ್ಲ.

ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕೆ, ಬಾಲ್ಟ್ರಾ ಎಂಬ ಬೋಳು ದ್ವೀಪದಲ್ಲಿ ಇಳಿದೆವು. ಮಧ್ಯಾಹ್ನವೇ ಹಡಗು. ಕೆಳಗಿನ ಅಂತಸ್ತಿನ ಕ್ಯಾಬಿನ್ ಬೇಕೆಂದು ಅಕ್ಕನೇ ಕೇಳಿ ಪಡೆದಿದ್ದಳು. ಮೇಲಿನವುಗಳಿಗೆ ದೊಡ್ಡ ಕಿಟಕಿ, ಒಳ್ಳೆಯ ನೋಟ, ಹೆಚ್ಚು ದರ. ಆದರೆ ಹಡಗು ಹೊರಳಾಡುವುದು ಎತ್ತರದಲ್ಲೇ ಹೆಚ್ಚು ಗೊತ್ತಾಗುವುದು. ಕೆಳಗೆ, ನಡುಭಾಗದಲ್ಲಿದ್ದರೆ ಹೊಟ್ಟೆಗೆ ಕ್ಷೇಮ, ಕಿವಿಗೆ ಕಷ್ಟ. ಎಂಜಿನ್ನು ಗೋಡೆಯಾಚೆಗೇ ಇರುತ್ತದೆ. ನಮ್ಮ ಕ್ಯಾಬಿನ್ ರೈಲಿನ ಕೂಪೆಯಷ್ಟಿತ್ತು: ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಕೂರಬೇಕು.

ಹೊರಟ ಸಂಜೆ ಹಡಗು ಡಾಫ್ನಿ ಮೇಜರ್ ಎಂಬ ಬಂಡೆದ್ವೀಪದ ಪಕ್ಕದಲ್ಲಿ ಹಾದುಹೋಗುವುದಿತ್ತು. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ನಾಲ್ಕು ದಶಕ ಫಿಂಚ್‌ಗಳ ಕೊಕ್ಕು ಅಳೆದ ಜಾಗ ಅದು. 1977ರ ಬರದಲ್ಲಿ ಸಣ್ಣ ಮೆದು ಬೀಜಗಳು ಮುಗಿದು, ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚಾಗಿ ಉಳಿದವು. ಅವುಗಳ ಮರಿಗಳ ಕೊಕ್ಕೂ ದಪ್ಪವೇ ಆಗಿತ್ತು. ಡಾರ್ವಿನ್ ಯುಗಯುಗಗಳ ಕೆಲಸ ಎಂದುಕೊಂಡಿದ್ದ ಬದಲಾವಣೆ ಒಂದೆರಡು ವರ್ಷದಲ್ಲಿ ಅಳತೆಗೋಲಿಗೆ ಸಿಕ್ಕಿತು. ನಮ್ಮ ವೇಳಾಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಅಲ್ಲಿ ಪ್ರವಾಸಿಗರನ್ನು ಹೀಗೆಲ್ಲ ಇಳಿಸುವುದೂ ಇಲ್ಲ. ಅಕ್ಕ ಗೈಡ್ ಹತ್ತಿರ ಹೋಗಿ ಏನೋ ಕೇಳಿದಳು. ಅವನು ಮೆಟ್ಟಿಲು ಹತ್ತಿ ಕ್ಯಾಪ್ಟನ್ ಇದ್ದಲ್ಲಿಗೆ ಹೋದ. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗಿತು, ಹಡಗು ಬಂಡೆಯತ್ತ ಮೂತಿ ತಿರುಗಿಸಿ ನಿಧಾನಕ್ಕೆ ಅರ್ಧ ಸುತ್ತು ಹಾಕಿತು. ಕಂದು ಬಣ್ಣದ ಕಡಿದಾದ ಗೋಡೆ, ಹಿಕ್ಕೆಯ ಬಿಳಿ ಪಟ್ಟೆಗಳು, ನಾಲ್ಕಾರು ಬೂಬಿ ಹಕ್ಕಿಗಳು. ನೋಡಲು ಅಷ್ಟೇ. ಉಳಿದವರು ಒಂದೆರಡು ಫೋಟೊ ತೆಗೆದು ಒಳಗೆ ಹೋದರು. ಅಕ್ಕ ಕಟಕಟೆ ಹಿಡಿದು ನಿಂತವಳು, ‘ಆ ಬಂಡೆ ಮೇಲೆ ನೀರಿಲ್ಲ ಕಣೋ. ಕುಡಿಯೋ ನೀರನ್ನೂ ಹೊತ್ಕೊಂಡೇ ಹತ್ತಬೇಕಿತ್ತು ಅವರು’ ಅಂದಳು. ನೂರು ಜನರ ಹಡಗಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿಗೋಸ್ಕರ ಅರ್ಧ ಸುತ್ತು ಹಾಕುತ್ತಿದ್ದರೇ? ನನಗೆ ನಂಬಿಕೆ ಇಲ್ಲ.

ನಾವು ಹೋದದ್ದು ಆಗಸ್ಟ್ ಕೊನೆಯಲ್ಲಿ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗರುವಾ ಎಂಬ ತುಂತುರಿನ ಕಾಲ: ಮೋಡ, ತಣ್ಣನೆ ಗಾಳಿ, ತಣ್ಣನೆ ನೀರು, ಏರಿಳಿಯುವ ಕಡಲು. ನೀರು ತಣ್ಣಗಾದಷ್ಟೂ ಮೀನು ಹೆಚ್ಚು, ಮೀನು ಹೆಚ್ಚಿದಷ್ಟೂ ಹಕ್ಕಿ ಹೆಚ್ಚು. ಡಿಸೆಂಬರ್ ಬಂದರೆ ಕಡಲು ಶಾಂತ, ನೀರು ಬೆಚ್ಚಗೆ, ಬಿಸಿಲು ಉರಿ. ಹೊಟ್ಟೆ ಗಟ್ಟಿ ಇಲ್ಲದವರು ಆ ಕಾಲವನ್ನೇ ಆರಿಸಿಕೊಳ್ಳುವುದು ವಾಸಿ. ಇಸಾಬೆಲಾದ ಉತ್ತರ ತುದಿ ಬಳಸಿ ಪಶ್ಚಿಮಕ್ಕೆ ತಿರುಗಿದ ರಾತ್ರಿ, ಕ್ಯಾಬಿನ್ನಿನ ನೀರಿನ ಬಾಟಲಿಗಳು ಒಂದು ಗೋಡೆಯಿಂದ ಇನ್ನೊಂದಕ್ಕೆ ಉರುಳಿ ಬಡಿಯುತ್ತಿದ್ದವು. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಔಷಧದ ಪಟ್ಟಿ ನನ್ನ ಬಾಯಿ ಒಣಗಿಸಿತ್ತೇ ಹೊರತು ನಿದ್ದೆ ಕೊಟ್ಟಿರಲಿಲ್ಲ. ಅಕ್ಕ ಒಣಶುಂಠಿ ಅಗಿಯುತ್ತ, ‘ಡಾರ್ವಿನ್ನಿಗೂ ಇದೇ ಪಾಡು’ ಎಂದು ಸಮಾಧಾನ ಹೇಳಿದಳು.

ಅದು ನಿಜವೇ. ಅವನು ಹೋದ ಬೀಗಲ್ ಹಡಗಿನ ಉದ್ದ 27 ಮೀಟರ್, ಇಂದಿನ ಹದಿನಾರು ಜನರ ಹಡಗುಗಳಷ್ಟೇ ಹೆಚ್ಚುಕಮ್ಮಿ. ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನರಿದ್ದರು. 1831ರ ಡಿಸೆಂಬರ್‌ನಿಂದ 1836ರ ಅಕ್ಟೋಬರ್‌ವರೆಗೆ ನಡೆದ ಆ ಯಾನದುದ್ದಕ್ಕೂ ಡಾರ್ವಿನ್ನನಿಗೆ ಕಡಲು ಹಿಡಿಸಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ಕಳೆದದ್ದು ನೆಲದ ಮೇಲೆಯೇ. ಹಡಗಿಗೆ ಕರಾವಳಿಯ ನಕ್ಷೆ ತೆಗೆಯುವ ಕೆಲಸವಿತ್ತು. ಅದು ತನ್ನ ಪಾಡಿಗೆ ಆಳ ಅಳೆಯುತ್ತಿದ್ದಾಗ ಇವನು ಇಳಿದು ಅಲೆಯುತ್ತಿದ್ದ. ಗಲಾಪಗೋಸ್‌ನಲ್ಲಿ ಬೀಗಲ್ ಇದ್ದದ್ದು 1835ರ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 20ರವರೆಗೆ. ಹಡಗು ಕುಡಿಯುವ ನೀರು ತರಲು ಹೋದಾಗ ಸಾಂಟಿಯಾಗೊ ದ್ವೀಪದಲ್ಲಿ ಅವನಿಗೆ ವಾರಕ್ಕೂ ಹೆಚ್ಚು ಸಮಯ ಸಿಕ್ಕಿತು. ಅವನು ಇಳಿದದ್ದು ನಾಲ್ಕೇ ದ್ವೀಪಗಳಲ್ಲಿ. ಅವುಗಳಲ್ಲಿ ಫರ್ನಾಂಡಿನಾ ಇಲ್ಲ. ಹಾರಲಾರದ ನೀರುಕಾಗೆಯ ವಿಷಯ ಅವನ ಬರಹದಲ್ಲಿಲ್ಲ; ವಿಜ್ಞಾನಕ್ಕೆ ಅದರ ಪರಿಚಯವಾದದ್ದು 1898ರಲ್ಲಿ, ಪ್ರಾಣಿಶಾಸ್ತ್ರಜ್ಞ ರಾತ್‌ಶಿಲ್ಡ್ ಹೆಸರಿಟ್ಟಾಗ. ರೆಕ್ಕೆ ಬಳಸದೆ ಬಿಟ್ಟು ಮೋಟಾದ ಹಕ್ಕಿ ಡಾರ್ವಿನ್ನನ ಮೂಗಿನ ನೇರಕ್ಕೇ ಇತ್ತು, ಅವನ ಬರಹಕ್ಕೆ ಮಾತ್ರ ಇಳಿಯಲಿಲ್ಲ. ಪೂರ್ವದ ದಾರಿಯ ಆಲ್ಬಟ್ರಾಸ್‌ಗಾಗಿ ನಾನು ಗೊಣಗಿದಾಗಲೆಲ್ಲ ಅಕ್ಕ ಈ ಕಥೆ ತೆಗೆಯುತ್ತಿದ್ದಳು.

ಫರ್ನಾಂಡಿನಾದಲ್ಲಿ ಜನ ಇಳಿಯುವ ತಾಣ ಒಂದೇ, ಪುಂತಾ ಎಸ್ಪಿನೋಸಾ. ಬೆಳಿಗ್ಗೆ ಆರೂವರೆಗೆ ಪಂಗಾ ಹೊರಟಿತು. ಹತ್ತಿ ಇಳಿಯುವಾಗ ಕೈ ಹಿಡಿಯುವ ಪದ್ಧತಿಯೊಂದಿದೆ: ಅಂಗೈಗೆ ಅಂಗೈ ಕೊಡಬಾರದು, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿಯಬೇಕು, ಒಂದು ಕೈ ಜಾರಿದರೂ ಇನ್ನೊಂದು ಬಿಡುವುದಿಲ್ಲ. ಪಂಗಾ ನಡೆಸುವಾತ ಅಲೆ ಏರುವವರೆಗೂ ಕಾದು, ದೋಣಿಯ ಅಂಚು ಬಂಡೆಯ ಮಟ್ಟಕ್ಕೆ ಬಂದ ಕ್ಷಣ ‘ಆಹೋರಾ’ ಎನ್ನುತ್ತಿದ್ದ. ಈಗ, ಎಂದರ್ಥ. ಅಕ್ಕನ ಮಂಡಿಗೆ ಅವನು ಎರಡು ಅಲೆ ಹೆಚ್ಚಿಗೆ ಕಾದ. ಮೊದಲ ದಿನ ನಾನು ಹೇಳಿದ್ದೆ. ಆಮೇಲೆ ಹೇಳಬೇಕಾಗಿ ಬರಲಿಲ್ಲ.

ಕರಿ ಲಾವಾ ಬಂಡೆಯ ಮೇಲೆ ಕರಿ ಇಗ್ವಾನಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ತಣ್ಣೀರಿನಲ್ಲಿ ಪಾಚಿ ಮೇಯುವ ಪ್ರಾಣಿ. ಮೈ ಬಿಸಿಯಾಗುವವರೆಗೆ ಅಲುಗುವುದಿಲ್ಲ. ಎಲ್ಲಿ ಬಂಡೆ ಮುಗಿಯಿತು, ಎಲ್ಲಿ ಪ್ರಾಣಿ ಶುರುವಾಯಿತು ಎಂದು ನೋಡಿ ಹೆಜ್ಜೆ ಇಡಬೇಕು. ಆಗಾಗ ಒಂದೊಂದು ‘ಫ್ಸ್’ ಎಂದು ಸೀನುತ್ತಿತ್ತು. ಮೇವಿನ ಜೊತೆ ಹೊಟ್ಟೆ ಸೇರಿದ ಉಪ್ಪನ್ನು ಮೂಗಿನ ಗ್ರಂಥಿಯಿಂದ ಹೊರಗೆ ಚಿಮ್ಮುತ್ತವೆ. ಅದು ಅವುಗಳ ನೆತ್ತಿಯ ಮೇಲೇ ಬಿದ್ದು ಒಣಗಿ ಬಿಳಿ ಚಕ್ಕೆ ಕಟ್ಟಿರುತ್ತದೆ. ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕೆಂಬುದು ನಿಯಮ. ಪ್ರಾಣಿಗಳಿಗೆ ಆ ನಿಯಮ ಹೇಳಿದವರಿಲ್ಲ. ಕಡಲಸಿಂಹದ ಮರಿಯೊಂದು ನೇರ ಬಂದು ಅಕ್ಕನ ಬೂಟು ಮೂಸಿ ನೋಡಿತು. ಅಕ್ಕ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕಂಬದಂತೆ ನಿಂತಳು.

ನೀರುಕಾಗೆಯ ಗೂಡು ಭೂಶಿರದ ತುದಿಯಲ್ಲಿತ್ತು. ಒಣಗಿದ ಕಡಲಕಳೆಯ ಒಂದು ಗುಪ್ಪೆ, ಅದರ ಮೇಲೆ ಒಂದು ಹಕ್ಕಿ. ನೀರಿನಿಂದ ಇನ್ನೊಂದು ಹತ್ತಿ ಬಂತು, ಕೊಕ್ಕಿನಲ್ಲಿ ಒದ್ದೆ ಕಡಲಕಳೆಯ ಎಳೆ. ಕುಪ್ಪಳಿಸಿ ಕುಪ್ಪಳಿಸಿ ಬಂದು ಗೂಡಿನಲ್ಲಿದ್ದದ್ದಕ್ಕೆ ಕೊಟ್ಟಿತು. ಅದು ತೆಗೆದುಕೊಂಡು, ಅತ್ತ ಇತ್ತ ಸರಿಸಿ, ತನ್ನ ಎದೆಯ ಕೆಳಗೆ ತುರುಕಿಕೊಂಡಿತು. ಆಮೇಲೆ ಬಂದ ಹಕ್ಕಿ ಬಿಸಿಲಿಗೆ ತಿರುಗಿ ರೆಕ್ಕೆ ಬಿಚ್ಚಿತು. ರೆಕ್ಕೆ ಎಂದರೆ ಹರಿದ ಚಿಂದಿಯ ಎರಡು ತುಂಡು. ಹಾರುವ ಪೂರ್ವಿಕರಿಂದ ಬಂದ ಅಭ್ಯಾಸ, ಒಣಗಿಸುವುದನ್ನು ಬಿಟ್ಟಿಲ್ಲ. ಈಜಲು ಕಾಲು ಸಾಕು, ಓಡಿಸಿಕೊಂಡು ಬರುವ ಶತ್ರು ನೆಲದ ಮೇಲಿಲ್ಲ. ಎಷ್ಟೋ ಸಾವಿರ ತಲೆಮಾರುಗಳಲ್ಲಿ ರೆಕ್ಕೆ ಕರಗಿತು. ಗೈಡ್ ಇದನ್ನೆಲ್ಲ ಹೇಳಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಸುಮ್ಮನಾದ. ಅಲ್ಲಿ ನಮಗೆ ಹಿಂದಿನಿಂದ ಬರುವ ಗುಂಪಿನ ಅವಸರವಿರಲಿಲ್ಲ. ಎಷ್ಟು ಹೊತ್ತು ನಿಂತೆವೋ ತಿಳಿಯದು, ಆಮೇಲೆ ಅಕ್ಕ ಎಡವದಂತೆ ಆ ಗೈಡೇ ಅವಳ ಕೈ ಹಿಡಿದುಕೊಂಡ.

ಗೈಡ್ ಸಾನ್ ಕ್ರಿಸ್ತೋಬಲ್ ದ್ವೀಪದವನು, ಮೀನುಗಾರನ ಮಗ. ಸಣ್ಣ ಹಡಗಿನಲ್ಲಿ ಇರುವ ಒಬ್ಬನೇ ಗೈಡ್ ಚೆನ್ನಾಗಿದ್ದರೆ ಪುಣ್ಯ, ಇಲ್ಲದಿದ್ದರೆ ಕರ್ಮ, ಬದಲಿ ಇಲ್ಲ. ಜೊತೆಗಾರರ ವಿಷಯವೂ ಹಾಗೇ. ಊಟಕ್ಕೆ ಎರಡೇ ಮೇಜು. ನಮ್ಮ ಮೇಜಿನಲ್ಲಿ ಒಬ್ಬ ಮಹಾಶಯರು ತಾವು ಹಿಂದೆ ಹತ್ತಿದ ಹಡಗುಗಳ ಪುರಾಣವನ್ನು ಬೆಳಗಿನ ತಿಂಡಿಯಿಂದಲೇ ಶುರು ಮಾಡುತ್ತಿದ್ದರು: ಅಂಟಾರ್ಕ್ಟಿಕದಲ್ಲಿ ಹೀಗಿತ್ತು, ನಾರ್ವೆಯಲ್ಲಿ ಹಾಗಿತ್ತು. ಹದಿನಾರರಲ್ಲಿ ಒಬ್ಬ ಎಂದರೆ ಶೇಕಡ ಆರಕ್ಕೂ ಹೆಚ್ಚು. ತಪ್ಪಿಸಿಕೊಳ್ಳಲು ಬೇರೆ ಜಾಗವಿಲ್ಲ. ಸಸ್ಯಾಹಾರದ ಚಿಂತೆ ಮಾತ್ರ ಬೇಗ ನೀಗಿತು. ಅನ್ನ, ಮೆನೆಸ್ತ್ರಾ ಎಂಬ ಗಟ್ಟಿ ಬೇಳೆ, ಜಜ್ಜಿ ಎರಡು ಸಲ ಕರಿದ ಬಾಳೆಕಾಯಿ: ಈಕ್ವೆಡಾರಿನವರ ನಿತ್ಯದ ಊಟವೇ ಅದು. ನಮ್ಮ ಉಪ್ಪಿನಕಾಯಿಯ ಬಾಟಲಿ ಎರಡನೆಯ ದಿನವೇ ಅಡುಗೆಮನೆಯ ಕಡೆ ಹೋಯಿತು, ವಾಪಸು ಬರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಸಣ್ಣ ಹಡಗು ಎಂದರೆ ಪ್ರಕೃತಿಗೆ ಹಗುರ ಎಂಬಂತೆ ಜಾಹೀರಾತುಗಳು ಮಾತಾಡುತ್ತವೆ. ಹದಿನಾರು ಜನರಿಗಾಗಿ ರಾತ್ರಿಯಿಡೀ ಉರಿಯುವ ಡೀಸೆಲ್ಲನ್ನು ಹದಿನಾರರಿಂದ ಭಾಗಿಸಿದರೆ ಬರುವ ಪಾಲು ಹಗುರವಾಗಿರುವುದು ಕಷ್ಟ. 2001ರ ಜನವರಿಯಲ್ಲಿ ಜೆಸ್ಸಿಕಾ ಎಂಬ ಟ್ಯಾಂಕರ್ ಸಾನ್ ಕ್ರಿಸ್ತೋಬಲ್ ಬಂದರಿನ ಬಾಯಲ್ಲೇ ನೆಲ ಕಚ್ಚಿ ಎಣ್ಣೆ ಸೋರಿತು. ಅದರಲ್ಲಿದ್ದದ್ದು ದ್ವೀಪಗಳ ಬಳಕೆಯ ಡೀಸೆಲ್ ಮತ್ತು ಒಂದು ಪ್ರವಾಸಿ ಹಡಗಿಗೆಂದು ತಂದ ಕಪ್ಪು ಎಣ್ಣೆ. ಗಾಳಿ ಮತ್ತು ಪ್ರವಾಹ ಹೆಚ್ಚಿನ ಪಾಲನ್ನು ಹೊರಗೆ ಒಯ್ದದ್ದರಿಂದ ದೊಡ್ಡ ಅನಾಹುತ ತಪ್ಪಿತೆಂದು ಆಗ ಎಲ್ಲರೂ ನಿಟ್ಟುಸಿರುಬಿಟ್ಟರು. ಆದರೆ ಮುಂದಿನ ಒಂದು ವರ್ಷದೊಳಗೆ ಸಾಂತಾ ಫೆ ದ್ವೀಪದ ಕಡಲ ಇಗ್ವಾನಗಳಲ್ಲಿ ಶೇ. 60ಕ್ಕೂ ಹೆಚ್ಚು ಸತ್ತವು. ಅಲ್ಲಿನ ದಡ ಮುಟ್ಟಿದ್ದು ಎಣ್ಣೆಯ ತೆಳು ಅಂಶ ಮಾತ್ರ.

ಇದನ್ನು ಗೈಡ್ ಮುಂದೆ ಎತ್ತಿದಾಗ ಅವನು ಜಗಳಕ್ಕೆ ಬರಲಿಲ್ಲ. ಹಡಗುಗಳ ಹಾಸಿಗೆಗೆ ಮಿತಿ ಇದೆ, ಅದು ವರ್ಷಗಳಿಂದ ಹೆಚ್ಚಿಲ್ಲ. ಹೆಚ್ಚಿದ್ದು ಊರುಗಳ ಹೋಟೆಲು, ಅಲ್ಲಿಗೆ ಬರುವ ಜನ, ಅವರಿಗಾಗಿ ಬರುವ ಸರಕು, ಸರಕಿನ ಜೊತೆ ಬರುವ ಇರುವೆ ಎಂದ. 2023ರಲ್ಲಿ ಪ್ರವಾಸಿಗರ ಸಂಖ್ಯೆ ಮೂರು ಲಕ್ಷ ದಾಟಿತ್ತು. ಶೇ. 97ರಷ್ಟು ನೆಲ ಉದ್ಯಾನದ್ದಾದ್ದರಿಂದ ಈ ನೂಕುನುಗ್ಗಲೆಲ್ಲ ಉಳಿದ ಮೂರರಲ್ಲಿ ನಡೆಯಬೇಕು. ‘ಹೋಟೆಲಿನ ದುಡ್ಡು ನಮ್ಮೂರಿನ ಜನರ ಕೈಗೆ ಹೆಚ್ಚು ಸಿಗುತ್ತದೆ ಎನ್ನುವುದೂ ನಿಜ’ ಎಂದು ಸೇರಿಸಿದ. ಅವನ ತಮ್ಮನದು ಊರಲ್ಲಿ ಒಂದು ವಸತಿಗೃಹ ಇದೆಯಂತೆ. ಯಾವುದು ಸರಿ ಎಂದು ನಾನು ಕೇಳಿದ್ದಕ್ಕೆ, ಮರುದಿನದ ಕಾರ್ಯಕ್ರಮ ಹೇಳಲು ಎದ್ದ: ಬೆಳಿಗ್ಗೆ ಆರಕ್ಕೆ ತಿಂಡಿ, ಒದ್ದೆ ಇಳಿತ, ಚಪ್ಪಲಿ ಕೈಯಲ್ಲಿ.

ಕೊನೆಯ ಬೆಳಗು ಬಾಲ್ಟ್ರಾದ ಕಟ್ಟೆಯಲ್ಲಿ ನಮ್ಮನ್ನು ಇಳಿಸಿದ ಪಂಗಾಗಳೇ ಇನ್ನೊಂದು ಹದಿನಾರು ಜನರನ್ನು ಕರೆದೊಯ್ಯಬೇಕಿತ್ತು. ಅವರಿಗೆ ಪೂರ್ವದ ದಾರಿ, ಆಲ್ಬಟ್ರಾಸ್. ಕೆನಡಾದಿಂದ ಬಂದಿದ್ದ ಹೆಂಗಸೊಬ್ಬರು ಅಕ್ಕನ ಬಿಸಿಲು ಹೀರಿದ ಮುಖ ನೋಡಿ, ಹಡಗು ಹೇಗಿದೆ ಎಂದು ಕೇಳಿದರು. ಅಕ್ಕ ಕೈಚೀಲ ಕೆಳಗಿಟ್ಟು ಒಂದೊಂದಾಗಿ ಹೇಳತೊಡಗಿದಳು: ಮೂರನೆಯ ಕ್ಯಾಬಿನ್ನಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಮಲಗುವ ಮುಂಚೆ ಬಾಟಲಿ ಬೂಟು ಎಲ್ಲ ಮಂಚದ ಕೆಳಗೆ ಸಿಕ್ಕಿಸಿಡಿ, ಪಂಗಾದಲ್ಲಿ ಹಿಂದುಗಡೆ ಎಡಕ್ಕೆ ಕೂತರೆ ನೀರು ಎರಚುವುದು ಕಮ್ಮಿ, ಊಟಕ್ಕೆ ಒಳಗಿನ ಮೇಜು ಹಿಡಿಯಿರಿ. ಆಕೆ ಫೋನ್ ತೆಗೆದು ಬರೆದುಕೊಳ್ಳತೊಡಗಿದ್ದರು. ಬಸ್ಸಿನವನು ಹಾರ್ನ್ ಮಾಡಿದ. ‘ತಡಿಯೋ, ಸ್ನಾನದ ನೀರಿನ ವಿಷಯ ಹೇಳಿಲ್ಲ’ ಎಂದು ಅಕ್ಕ ನನ್ನ ಕೈಗೆ ಚೀಲ ಕೊಟ್ಟಳು.